ಬಿರುಕಮ್ಮ ಬರೆಯದ ಬಿರುಕು

ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯಕ್ಕೆ ಸ್ವಂತದ್ದು ಅಂತ ಇದ್ದದ್ದು ಬಾಲ ಮುರಿದ ಒಂದು ಕಲ್ಲಿನ ಕುದುರೆ, ಹಳೆಯ ಕುಲಪತಿಗಳ ಹದಿನಾಲ್ಕು ತೈಲಚಿತ್ರಗಳು ಮತ್ತು ಯಾರೋ ಪುಣ್ಯಾತ್ಮರು ಮನೆ ಖಾಲಿ ಮಾಡುವಾಗ ದಾನ ಕೊಟ್ಟ ಮೂರು ಪೆಟ್ಟಿಗೆ ಚಿಟ್ಟೆಗಳು. ಇವಿಷ್ಟೂ ಮೇಲಿನ ಮಹಡಿಯಲ್ಲಿದ್ದವು. ಮೇಲಿನ ಮಹಡಿಗೆ ಹೋಗುತ್ತಿದ್ದವರು ಪ್ರೇಮಿಗಳು ಮಾತ್ರ. ಅವರೂ ಕುಲಪತಿಗಳ ಮುಖ ನೋಡಲು ಹೋಗುತ್ತಿರಲಿಲ್ಲ. ಸಂಗ್ರಹಾಲಯ ಉಸಿರಾಡುತ್ತಿದ್ದದ್ದು ಕೆಳಗಿನ ಎರಡು ಹಜಾರಗಳಲ್ಲಿ, ಅದೂ ಕಂಡವರ ಸಾಮಾನಿನ ಮೇಲೆ. ಎರಡು ತಿಂಗಳಿಗೊಂದು ತಾತ್ಕಾಲಿಕ ಪ್ರದರ್ಶನ. ಒಮ್ಮೆ ಮೀನಿನ ಬಲೆಗಳು, ಒಮ್ಮೆ ಸೇತುವೆಗಳ ಫೋಟೋಗಳು, ಒಮ್ಮೆ ವೈದ್ಯಕೀಯ ಕಾಲೇಜಿನ ನೂರು ವರ್ಷದ ಕನ್ನಡಕಗಳು, ಇನ್ನೊಮ್ಮೆ ಯಾರೂ ಕೂರಲಾಗದ ನಲವತ್ತು ಕುರ್ಚಿಗಳು. ಬಲೆಯ ವಾಸನೆ ಹೋಗುವ ಮೊದಲೇ ಸೇತುವೆ ಬರುತ್ತಿತ್ತು.

ಹೀಗೆ ಕಡ ತಂದ ವಸ್ತುಗಳು ಬಂದ ಹಾಗೆಯೇ ಹಿಂದಿರುಗಬೇಕು. ಬಂದಾಗ ಹೇಗಿದ್ದವು ಎಂದು ಯಾರಾದರೂ ಬರೆದಿಟ್ಟಿರಬೇಕು. ಆ ಯಾರಾದರೂ ಒಬ್ಬರು ಮೂವತ್ತೊಂದು ವರ್ಷಗಳಿಂದ ಒಬ್ಬಳೇ ಹೆಂಗಸಾಗಿದ್ದಳು. ನೇಮಕಾತಿ ಪತ್ರದಲ್ಲಿ ಅವಳ ಹುದ್ದೆಗೆ 'ಸ್ಥಿತಿ ದಾಖಲೆ ಸಹಾಯಕಿ' ಎಂಬ ಮರ್ಯಾದೆಯ ಹೆಸರಿತ್ತು. ಕಾವಲುಗಾರನಿಂದ ನಿರ್ದೇಶಕರ ತನಕ ಎಲ್ಲರೂ ಕರೆಯುತ್ತಿದ್ದದ್ದು ಮಾತ್ರ ಬಿರುಕಮ್ಮ ಎಂದು. ಬೆನ್ನ ಹಿಂದೆ ಹುಟ್ಟಿದ ಹೆಸರು ಕ್ರಮೇಣ ಎದುರಿಗೂ ಬಂತು. ಅವಳೂ ಓಗೊಟ್ಟಳು. ಒಳಗೊಳಗೆ ಆ ಹೆಸರಿನ ಬಗ್ಗೆ ಅವಳಿಗೆ ಸಣ್ಣ ಜಂಬವೇ ಇತ್ತೆಂದರೆ ಸುಳ್ಳಲ್ಲ.

ಅವಳ ಕೆಲಸಕ್ಕೊಂದು ಕ್ರಮವಿತ್ತು. ವಸ್ತುವನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲಿಟ್ಟು, ಕೈಗೆ ನೂಲಿನ ಗವಸು ಹಾಕಿ, ಟಾರ್ಚನ್ನು ಓರೆಯಾಗಿ ಹಿಡಿದು, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಆಮೇಲೆ ಹೊರಗಿನಿಂದ ಒಳಕ್ಕೆ ನೋಡುತ್ತಾ ಬರುವುದು. ಕಂಡ ಪ್ರತಿ ಕೊರತೆಯನ್ನೂ ಸೀಸದ ಕಡ್ಡಿಯಲ್ಲಿ ಅಳತೆ ಸಮೇತ ರಿಜಿಸ್ಟರಿಗೆ ಇಳಿಸುವುದು. ಗೀರು, ಕಲೆ, ತೂತು, ಬಿರುಕು, ಹುಳು ತಿಂದದ್ದು, ಬಣ್ಣ ಎದ್ದದ್ದು. ಚೆಂದ ಎನ್ನುವುದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ, ಅವಳೂ ಕೇಳಿರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಇನ್ನೊಮ್ಮೆ ಅದೇ ಕ್ರಮದಲ್ಲಿ ನೋಡಿ ತಾಳೆ ಹಾಕುವುದು. ಸಾಮಾನು ಕೊಟ್ಟವರ ಪರವಾಗಿ ಬಂದವನೂ ನಿರ್ದೇಶಕರೂ ಪುಟದ ಕೆಳಗೆ ರುಜು ಹಾಕುತ್ತಿದ್ದರು. ಓದಿ ಹಾಕುತ್ತಿದ್ದರೇ ಎಂದು ಕೇಳಬೇಡಿ. ಬಿರುಕಮ್ಮ ಬರೆದದ್ದನ್ನು ಓದಿ ನೋಡುವುದೆಂದರೆ ಗಡಿಯಾರದಂಗಡಿಯವನಿಗೆ ಟೈಮು ಹೇಳಿಕೊಟ್ಟಂತೆ ಎಂದು ಎಲ್ಲರಿಗೂ ಅನಿಸಿಬಿಟ್ಟಿತ್ತು.

ಅನಿಸುವುದಕ್ಕೆ ಕಾರಣವೂ ಇತ್ತು. ಒಬ್ಬ ಕಲಾವಿದ ಕ್ಯಾನ್ವಾಸುಗಳನ್ನು ಮೇಣದಬತ್ತಿಯಲ್ಲಿ ಅಲ್ಲಲ್ಲಿ ಸುಟ್ಟು ತಂದಿದ್ದ. ಬಿರುಕಮ್ಮ ಎರಡು ದಿನ ಕೂತು ಇನ್ನೂರ ಹನ್ನೆರಡು ಸುಟ್ಟ ತೂತುಗಳನ್ನು ಬರೆದುಕೊಂಡಳು. ಹಿಂದಿರುಗಿಸುವ ದಿನ ಎಣಿಸಿದರೆ ಇನ್ನೂರ ಹದಿಮೂರು. ಇಡೀ ಕಟ್ಟಡಕ್ಕೆ ಬೆಂಕಿ ಬಿದ್ದ ಹಾಗೆ ಗದ್ದಲವೆದ್ದಿತು. ಕಡೆಗೆ ಕಲಾವಿದನೇ ತಲೆ ತಗ್ಗಿಸಿ, ಏನೋ ಕಮ್ಮಿ ಅನಿಸಿತೆಂದು ಒಂದು ಮಧ್ಯಾಹ್ನ ಬಂದು ತಾನೇ ಒಂದು ತೂತು ಸುಟ್ಟು ಹೋದೆನೆಂದು ಒಪ್ಪಿಕೊಂಡ.

ಇನ್ನೊಬ್ಬನದು ಖಾಲಿ ಕೋಣೆಯ ಪ್ರದರ್ಶನ. ಕೋಣೆಯಲ್ಲಿ ಏನೂ ಇಲ್ಲದಿರುವುದೇ ಕೃತಿ. ಏನೂ ಇಲ್ಲದ್ದಕ್ಕೆ ದಾಖಲೆ ಯಾಕೆ ಎಂದರು ನಿರ್ದೇಶಕರು. ಬಂದದ್ದೆಲ್ಲ ರಿಜಿಸ್ಟರಿಗೆ ಬರಲೇಬೇಕು ಎಂದಳು ಇವಳು. ಅರ್ಧ ದಿನ ಒಳಗಿದ್ದು ಹೊರಬಂದಾಗ, ಮುಚ್ಚಿದ ಮೊಳೆ ತೂತು ನಲವತ್ತೊಂದು, ಕಿಟಕಿಯ ಬಳಿ ಸುಣ್ಣ ಎರಡು ಛಾಯೆ, ಹೊಸ್ತಿಲ ಎಡ ತುದಿ ಸವೆದಿದೆ, ಕಿಟಕಿಯ ದಂಡೆಯ ಮೇಲೆ ಸತ್ತ ನೊಣ ಒಂದು ಎಂದು ಬರೆದಿದ್ದಳು. ಅದನ್ನೋದಿದ ಕಲಾವಿದನ ಕಣ್ಣಲ್ಲಿ ನೀರು ಬಂತು. ತನ್ನ ಕೃತಿಯನ್ನು ಇಷ್ಟು ಗಮನವಿಟ್ಟು ಈವರೆಗೆ ಯಾರೂ ನೋಡಿಲ್ಲ ಎಂದ. ಎರಡು ತಿಂಗಳ ನಂತರ ಬಿರುಕಮ್ಮ ತಾಳೆ ಹಾಕಿ, ಅದರ ಕೆಳಗೆ 'ನೊಣ ಕಾಣೆಯಾಗಿದೆ' ಎಂದು ಸೇರಿಸಿದಳು.

ಇಂಥ ಕಣ್ಣನ್ನು ಸಂಜೆ ಐದಕ್ಕೆ ಕಪಾಟಿನಲ್ಲಿಟ್ಟು ಬೀಗ ಹಾಕಿ ಬರಲಾಗುತ್ತದೆಯೇ? ಅದು ಅವಳ ಜೊತೆ ಮನೆಗೂ ಬರುತ್ತಿತ್ತು. ಗಂಡ ಶಾಲೆಯೊಂದರಲ್ಲಿ ಭೂಗೋಳದ ಮೇಷ್ಟ್ರು. ಬೆಳಗ್ಗೆ ಹೊರಡುವ ಮುಂಚೆ ಹೆಂಡತಿಯ ಎದುರು ನಿಂತು ಭೂಮಿಯ ಹಾಗೆ ನಿಧಾನವಾಗಿ ಒಂದು ಸುತ್ತು ತಿರುಗುತ್ತಿದ್ದರು. "ಕಾಲರು ಬಲಕ್ಕೆ. ಮೂರನೇ ಗುಂಡಿ ದಾರ ಸಡಿಲ. ಹೋಗಿ ಬನ್ನಿ," ಎಂದಮೇಲೇ ಅವರ ದಿನ ಶುರು. ಇಪ್ಪತ್ತೆಂಟು ವರ್ಷ ತಿರುಗಿ ತಿರುಗಿ ಅವರಿಗೆ ಅದು ಅಭ್ಯಾಸವಾಗಿತ್ತು. ನಾದಿನಿ ಹೊಸ ಸೀರೆ ಉಟ್ಟ ದಿನ ಅಣ್ಣನ ಮನೆಯ ಬೀದಿಗೇ ಕಾಲಿಡುತ್ತಿರಲಿಲ್ಲ. ಮಗಳು ಮಾತ್ರ ಆ ಮನೆಯಲ್ಲೇ ಹುಟ್ಟಿದವಳು, ಎಲ್ಲಿಗೆ ಹೋಗುತ್ತಾಳೆ?

ಆ ಮಗಳು ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಹಲ್ಲಿನ ಸೆಟ್ಟು ಅಚ್ಚು ಹಾಕುವ ಹುಡುಗನನ್ನು ಮೆಚ್ಚಿಕೊಂಡಳು. ಒಂದು ಸಂಜೆ ಅವನನ್ನು ಮನೆಗೆ ಕರೆತಂದಳು. ಹುಡುಗ ಬಂದ, ಚಹಾ ಕುಡಿದ, ಮೇಷ್ಟ್ರ ಜೊತೆ ಜ್ವಾಲಾಮುಖಿಗಳ ಬಗ್ಗೆ ಮಾತಾಡಿದ, ಹೋದ. ಬಾಗಿಲು ಹಾಕಿಕೊಂಡು ಬಂದ ಮಗಳು ಕೇಳಿದಳು: "ಹೇಗಿದ್ದಾನಮ್ಮಾ?"

"ಎಡಗಿವಿ ಬಲಗಿವಿಗಿಂತ ಸ್ವಲ್ಪ ಕೆಳಗಿದೆ," ಎಂದಳು ಬಿರುಕಮ್ಮ, ಲೋಟಗಳನ್ನು ಎತ್ತುತ್ತಾ. "ನಗುವಾಗ ಮೇಲ್ದುಟಿ ಎಡಕ್ಕೆ ಎಳೆಯುತ್ತೆ. ಬಲಗಾಲಿನ ಚಪ್ಪಲಿ ಹೊರಗಡೆ ಸವೆದಿದೆ, ಅಂದ್ರೆ ನಡಿಗೆ ಓರೆ. ಮೂರು ಸಲ ಗಂಟಲು ಸರಿ ಮಾಡ್ಕೊಂಡ. ಹೆಬ್ಬೆರಳಿನ ಉಗುರಿನ ಮೇಲೆ ಬಿಳಿ ಮಚ್ಚೆ..."

"ಮೇಲಿಂದ ಕೆಳಕ್ಕೆ ಹೋದವಳು ಮತ್ತೆ ಮೇಲಕ್ಕೆ ಬಂದೆಯಲ್ಲೇ," ಎಂದರು ಮೇಷ್ಟ್ರು, ಮಾತು ತಿಳಿಯಾಗಲಿ ಎಂದು.

ತಿಳಿಯಾಗಲಿಲ್ಲ. ಮಗಳ ಮುಖ ಕೆಂಪಾಗಿತ್ತು. "ಹುಡುಗ ಹೇಗಿದ್ದಾನೆ ಅಂತ ಕೇಳಿದ್ದು ನಾನು. ಏನೇನು ಕೆಟ್ಟಿದೆ ಅಂತ ಅಲ್ಲ. ನಾನೇನು ಅವನನ್ನ ಎರಡು ತಿಂಗಳಿಗೆ ಕಡ ತಂದಿದ್ದೀನಾ? ಅಮ್ಮಾ, ನಿನ್ನ ಜನ್ಮದಲ್ಲಿ ಒಂದೇ ಒಂದು ಸಲ ಏನನ್ನಾದ್ರೂ ನೋಡಿ, ಚೆನ್ನಾಗಿದೆ ಅಂತ ಅಷ್ಟೇ ಹೇಳಿ ಸುಮ್ನಿರು. ಆಗುತ್ತಾ ನೋಡೋಣ!"

ಕೋಣೆಯ ಬಾಗಿಲು ಧಡಾರನೆ ಹಾಕಿಕೊಂಡಿತು. ಬಿರುಕಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ತಾನು ಬೈದಿರಲಿಲ್ಲ, ಬೇಡವೆಂದಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಆದರೂ ಮಗಳ ಮಾತು ಎದೆಗೆ ನಾಟಿತು. ಬೆಳಗ್ಗೆ ಗಂಡ ಎದುರು ನಿಂತು ಸುತ್ತು ತಿರುಗಿದಾಗ ಏನೂ ಹೇಳದೆ ಕಳಿಸಿಬಿಟ್ಟಳು. ಮೇಷ್ಟ್ರು ಶಾಲೆಯಲ್ಲಿ ದಿನವಿಡೀ ಗುಂಡಿ ಮುಟ್ಟಿಕೊಂಡೇ ಪಾಠ ಮಾಡಿದರಂತೆ.

ಆ ದಿನ ಸಂಗ್ರಹಾಲಯಕ್ಕೆ ಹೂಜಿಗಳು ಬಂದಿದ್ದವು. ಬೇರೆ ಊರಿನ ಸಂಗ್ರಾಹಕರೊಬ್ಬರು ಜೀವಮಾನವಿಡೀ ಹೂಜಿ ಕೂಡಿಹಾಕಿದ್ದರು. ನಾನೂರರಲ್ಲಿ ನಲವತ್ತಾರನ್ನು ಆರಿಸಿ, ಅವರೇ ಎದುರು ನಿಂತು ತೊಳೆಸಿ ಒರೆಸಿ ಕಳಿಸಿದ್ದರು. ನಿರ್ದೇಶಕರು 'ಬಾಗುವಿಕೆಯ ತತ್ವ' ಎಂದು ಹೆಸರಿಟ್ಟು, ಯಾರೂ ಓದದ ನಾಲ್ಕು ಪುಟದ ಪ್ರಸ್ತಾವನೆ ಬರೆದಿದ್ದರು. ಪೆಟ್ಟಿಗೆಗಳಿಂದ ಹೂಜಿಗಳನ್ನು ಬಿಚ್ಚಿ ಒಂದೊಂದಾಗಿ ಮೇಜಿಗೆ ತಂದಿಡುತ್ತಿದ್ದವನು ಏಣಿ. ಅವನೂ ಇವಳಷ್ಟೇ ಹಳಬ. ಎಲ್ಲವನ್ನೂ ನೇತುಹಾಕುವವನು, ಇಳಿಸುವವನು, ಕಟ್ಟುವವನು, ಬಿಚ್ಚುವವನು. ಆಳು ಎತ್ತರವಾಗಿ ಸಣಕಲಾಗಿದ್ದುದರಿಂದ ಆ ಹೆಸರು. ಅಷ್ಟುದ್ದದ ಮನುಷ್ಯ ಹೂಜಿ ಹಿಡಿದರೆ ಎಳೆಗೂಸಿನ ತಲೆ ಹಿಡಿದ ಹಾಗೆ ಹಿಡಿಯುತ್ತಿದ್ದ.

ಹದಿನಾರು ಹೂಜಿ ಎಂದಿನಂತೆ ಮುಗಿದವು. ಹದಿನೇಳನೆಯದು ಮಣ್ಣಿನದು, ಗೇಣುದ್ದದ್ದು, ಮಳೆ ಬರುವ ಮುಂಚಿನ ಆಕಾಶದ ಬಣ್ಣದ ಮೆರುಗಿನದು. ಕಿಟಕಿಯಿಂದ ಹತ್ತು ಗಂಟೆಯ ಬಿಸಿಲು ಸರಿಯಾಗಿ ಅದರ ಹೊಟ್ಟೆಯ ಮೇಲೆ ಬಿತ್ತು. ಬಿರುಕಮ್ಮ ಟಾರ್ಚು ಎತ್ತಿದವಳು ಕೆಳಗಿಟ್ಟಳು. ಮಗಳ ಮಾತು ನೆನಪಾಯಿತು. ಆಗುತ್ತದೋ ಇಲ್ಲವೋ ನೋಡೇಬಿಡೋಣ ಎಂಬ ಹಟದಲ್ಲಿ ಕೈ ಕಟ್ಟಿ ಕುಳಿತು, ಎಡದಿಂದಲೂ ಅಲ್ಲ, ಮೇಲಿನಿಂದಲೂ ಅಲ್ಲ, ಸುಮ್ಮನೆ ನೋಡಿದಳು. ನೋಡುತ್ತಾ ಹೊತ್ತು ಹೋದದ್ದು ತಿಳಿಯಲಿಲ್ಲ. ಆಮೇಲೆ ಸೀಸದ ಕಡ್ಡಿ ತೆಗೆದು ಹದಿನೇಳನೆಯ ಸಾಲಿನಲ್ಲಿ ಒಂದೇ ಪದ ಬರೆದಳು: ಚೆನ್ನಾಗಿದೆ. ಹದಿನೆಂಟನೆಯದಕ್ಕೆ ಮತ್ತೆ ಟಾರ್ಚು ಹಿಡಿದಳು. ಪುಟದ ಕೆಳಗೆ ರುಜುಗಳು ಬಿದ್ದವು. ಯಾರೂ ಓದಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಒಂದು ನಕಲು ಸಂಗ್ರಾಹಕರಿಗೆ ಹೋಯಿತು.

ಆ ಸಂಜೆ ಊಟಕ್ಕೆ ಕುಳಿತಾಗ ಅವಳು ಹೂಜಿಯ ಬಗ್ಗೆ ಹೇಳಿದಳು. ಮೇಷ್ಟ್ರ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಮಗಳು ಮುನಿಸು ಮರೆತು ಕೇಳಿಸಿಕೊಂಡಳು. ಹುಡುಗನ ವಿಷಯ ಯಾರೂ ಎತ್ತಲಿಲ್ಲ, ಆದರೆ ಮನೆಯೊಳಗೆ ಗಾಳಿ ಸ್ವಲ್ಪ ಹಗುರವಾಯಿತು.

ಎರಡು ತಿಂಗಳು ಕಳೆಯಿತು. ಪ್ರದರ್ಶನ ಮುಗಿದು ಹೂಜಿಗಳು ಮತ್ತೆ ಮೇಜಿಗೆ ಬಂದವು. ಹದಿನೇಳನೆಯದು ಬಂದಾಗ ಬಿರುಕಮ್ಮನ ಕೈ ತಾನಾಗಿಯೇ ತನ್ನ ಕ್ರಮ ಹಿಡಿಯಿತು. ಅಂದು ಕಿಟಕಿಗೆ ಮೋಡದ ಬೆಳಕಿತ್ತು. ಹಿಡಿ ಎಡಗಡೆಗಿದ್ದುದರಿಂದ ಟಾರ್ಚಿಗೆ ಮೊದಲು ಸಿಕ್ಕಿದ್ದೇ ಅದರ ಬುಡ. 'ಹಿಡಿಯ ಬುಡದಲ್ಲಿ ಬಿರುಕು, ಹನ್ನೆರಡು ಮಿಲಿಮೀಟರ್' ಎಂದು ಬರೆದ ಮೇಲೆಯೇ ಅವಳು ಹಳೆಯ ಸಾಲಿನತ್ತ ನೋಡಿದ್ದು. ಅಲ್ಲಿ ಚೆನ್ನಾಗಿದೆ ಎಂದಿತ್ತು. ಸೀಸದ ಕಡ್ಡಿ ಅಲ್ಲಿಗೇ ನಿಂತಿತು, ಮಿಕ್ಕ ಕೊರತೆಗಳು ರಿಜಿಸ್ಟರಿಗೆ ಇಳಿಯಲಿಲ್ಲ. ಎದುರಿಗೆ ಸಂಗ್ರಾಹಕರ ಕಡೆಯವನು ನಿಂತಿದ್ದ. ಬಿರುಕು ಎಂಬ ಪದವನ್ನು ತಲೆಕೆಳಗಾಗಿ ಓದುವಷ್ಟು ಅಕ್ಷರ ಜ್ಞಾನ ಅವನಿಗಿತ್ತು.

ಸಂಜೆಯೊಳಗೆ ತೀರ್ಮಾನ ಅರ್ಧ ಆಗಿಹೋಗಿತ್ತು. ಬಂದಾಗ ಬಿರುಕು ಇರಲಿಲ್ಲ, ಯಾಕೆಂದರೆ ಬಿರುಕಮ್ಮ ಬರೆದಿಲ್ಲ. ಹೋಗುವಾಗ ಇದೆ, ಯಾಕೆಂದರೆ ಬಿರುಕಮ್ಮ ಬರೆದಿದ್ದಾಳೆ. ನಡುವೆ ಹೂಜಿಯನ್ನು ಮುಟ್ಟಿದವನು ಏಣಿ ಒಬ್ಬನೇ. ಏಣಿಯ ಹೆಸರಿನಲ್ಲಿ ಆಗಲೇ ಒಂದು ಮೆಮೊ ಇತ್ತು. ಎರಡು ವರ್ಷದ ಹಿಂದೆ ಗಾಜಿನ ಹಲಗೆಯೊಂದು ಜಾರಿ ಬಿದ್ದಿತ್ತು. ಇನ್ನೊಂದು ಮೆಮೊ ಬಂದರೆ ಕೆಲಸ ಹೋಯಿತು. ಕೆಲಸ ಹೋದರೆ ಕಟ್ಟಡದ ಹಿಂದಿನ ಎರಡು ಕೋಣೆಯ ಮನೆಯೂ ಹೋಯಿತು. ಗುರುವಾರ ಹನ್ನೊಂದಕ್ಕೆ ಸಂಗ್ರಾಹಕರೇ ಬರುತ್ತಾರೆ, ವಿಶ್ವವಿದ್ಯಾಲಯದ ಆಡಳಿತ ಅಧಿಕಾರಿಯೂ ಇರುತ್ತಾರೆ, ಅವರ ಮುಂದೆ ಏಣಿ ತಪ್ಪೊಪ್ಪಿಗೆ ಬರೆದುಕೊಡಬೇಕು ಎಂದಾಯಿತು.

ಬಿರುಕಮ್ಮ ನಿರ್ದೇಶಕರ ಕೋಣೆಗೆ ಹೋದಳು. "ಸಾರ್, ತಪ್ಪು ನನ್ನದಿರಬಹುದು. ಅವತ್ತು ಹದಿನೇಳನೇದನ್ನ ನಾನು ಸರಿಯಾಗಿ ನೋಡಿಲ್ಲ."

ನಿರ್ದೇಶಕರು ಕನ್ನಡಕ ತೆಗೆದು ನಕ್ಕರು. "ನೀವು? ನೋಡಿಲ್ಲ? ಸತ್ತ ನೊಣ ಬಿಡದವರು ನೀವು. ಪಾಪ, ಏಣಿ ಮೇಲೆ ಕನಿಕರ ನಿಮಗೆ, ಅರ್ಥ ಆಗುತ್ತೆ. ಆದ್ರೆ ಕನಿಕರಕ್ಕೆ ನಿಮ್ಮ ಹೆಸರು ಯಾಕೆ ಹಾಳು ಮಾಡ್ಕೋತೀರಿ?"

"ಕನಿಕರ ಅಲ್ಲ ಸಾರ್, ನಿಜ."

"ನೋಡಿ," ನಿರ್ದೇಶಕರ ದನಿ ತಗ್ಗಿತು. "ಒಬ್ಬ ಕೆಲಸಗಾರನ ಕೈ ಜಾರೋದು ಎಲ್ಲಾ ಕಡೆ ಆಗೋದೇ. ರಿಜಿಸ್ಟರ್ ತಪ್ಪು ಅಂದ್ರೆ ನಾಳೆ ನಮಗೆ ಯಾರು ಸಾಮಾನು ಕೊಡ್ತಾರೆ? ಬಾಲ ಇಲ್ಲದ ಕುದುರೆ ಇಟ್ಕೊಂಡು ವರ್ಷಕ್ಕೆ ಆರು ಪ್ರದರ್ಶನ ಮಾಡ್ತೀರಾ? ಹೋಗಿ, ಕೆಲಸ ನೋಡಿ."

ಮೂವತ್ತೊಂದು ವರ್ಷ ಒಂದೊಂದೇ ಗೀರು ಬರೆದು ಗಳಿಸಿದ ನಂಬಿಕೆ ಈಗ ಕಲ್ಲುಗೋಡೆಯಂತೆ ಅಡ್ಡ ನಿಂತಿತ್ತು. ಅವಳು ಏಣಿಯನ್ನು ಹುಡುಕಿಕೊಂಡು ಹೋದಳು. ಅವನು ಪ್ಯಾಕಿಂಗ್ ಕೋಣೆಯಲ್ಲಿ ಹುಲ್ಲು, ಕಾಗದಗಳ ನಡುವೆ ಕುಳಿತು ತನ್ನ ಎರಡು ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ನೀನು ಬೀಳಿಸಿದ್ಯೇನೋ?" ಎಂದು ಕೇಳಿದಳು.

"ಬೀಳಿಸಿದ ನೆನಪಿಲ್ಲಮ್ಮ. ತಗುಲಿಸಿದ ನೆನಪೂ ಇಲ್ಲ. ಆದ್ರೆ ನೀವು ಬರ್ದಿಲ್ಲ ಅಂದ್ಮೇಲೆ ಇರ್ಲಿಲ್ಲ. ನನ್ನ ಕೈಯಲ್ಲೇ ಆಗಿರ್ಬೇಕು. ಗೊತ್ತೇ ಆಗ್ದಂಗೆ." ಅವನು ಮತ್ತೆ ಕೈ ನೋಡಿಕೊಂಡ. "ನಂಗೆ ಬೇರೆ ಏನೂ ಬರಲ್ಲ. ಏರಿಸೋದು ಬರುತ್ತೆ, ಇಳಿಸೋದು ಬರುತ್ತೆ. ಈಗ ಅದೂ ಬರಲ್ವೇನೋ ಅನ್ಸುತ್ತೆ. ಇವತ್ತು ಬೆಳಗ್ಗೆ ಮನೇಲಿ ಲೋಟ ಎತ್ತೋಕೂ ಭಯ ಆಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ತನ್ನ ಕೈಗಿಂತ ಅವಳ ರಿಜಿಸ್ಟರನ್ನು ಹೆಚ್ಚು ನಂಬಿದ ಆ ಮನುಷ್ಯನ ಎದುರು ನಿಲ್ಲುವುದು ಅವಳಿಗೆ ಆಗಲಿಲ್ಲ. ಅವಮಾನವಾಯಿತು, ಅಳು ಬಂತು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಬೆಳಗನ್ನು ನೆನೆಸಿಕೊಂಡಳು. ಬಣ್ಣ ನೆನಪಿತ್ತು, ಹೊಟ್ಟೆಯ ಬಾಗು ನೆನಪಿತ್ತು, ಬಿಸಿಲು ನೆನಪಿತ್ತು. ಬಿರುಕು ಇತ್ತೇ? ತಿಪ್ಪರಲಾಗ ಹಾಕಿದರೂ ನೆನಪಾಗಲಿಲ್ಲ. ಕೊರತೆಗಳನ್ನು ಮಾತ್ರ ನೆನಪಿಡಲು ಪಳಗಿದ ತಲೆ, ಅಂದು ಅದು ಕೊರತೆ ಹುಡುಕಿರಲೇ ಇಲ್ಲವಲ್ಲ.

ಬುಧವಾರ ಸಂಜೆ ಅವಳು ತರಕಾರಿ ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು ಕುಳಿತಿದ್ದನ್ನು ಕಂಡು ಮಗಳು ಪಕ್ಕಕ್ಕೆ ಬಂದಳು. ಬಿರುಕಮ್ಮ ಎಲ್ಲವನ್ನೂ ಹೇಳಿದಳು. ಹೇಳಿ, "ಬಿರುಕು ಇತ್ತೋ ಇಲ್ವೋ ನಂಗೇ ಗೊತ್ತಿಲ್ಲ ಕಣೇ," ಎಂದಳು.

"ಇತ್ತಲ್ಲಮ್ಮ," ಎಂದಳು ಮಗಳು. "ನೀನೇ ಹೇಳಿದ್ದೆ."

"ನಾನಾ? ಯಾವಾಗ?"

"ಅವತ್ತು ಊಟಕ್ಕೆ ಕೂತಾಗ. ಹಿಡಿ ಇದೆಯಲ್ಲ, ಅದರ ಬುಡದಲ್ಲಿ ಕೂದಲೆಳೆಯಂಥ ಒಂದು ಗೆರೆ, ಬಿಸಿಲು ಬಿದ್ದಾಗ ಬಂಗಾರದ ದಾರದ ಹಾಗೆ ಹೊಳೀತಿತ್ತು, ಅದನ್ನೇ ನೋಡ್ತಾ ಕೂತ್ಬಿಟ್ಟೆ ಅಂದೆ. ನಾನು ಹುಟ್ಟಿದಾಗಿಂದ ನೀನು ಒಂದು ವಸ್ತುವನ್ನ ಹೊಗಳಿದ್ದು ಅದೇ ಮೊದಲು. ಮರೆಯೋಕಾಗುತ್ತಾ?"

ಪಕ್ಕದ ಕೋಣೆಯಿಂದ ಮೇಷ್ಟ್ರು, "ಹೌದು, ಬಂಗಾರದ ದಾರ ಅಂದೆ. ನಂಗೂ ನೆನಪಿದೆ," ಎಂದರು.

ಬಿರುಕಮ್ಮ ಕೂತಲ್ಲೇ ಕಣ್ಣು ಮುಚ್ಚಿದಳು. ಗೆರೆ ಬಂತು, ಬಿಸಿಲಿನ ಸಮೇತ. ನೋಡಿದ್ದಳು. ಕಣ್ಣಾರೆ ನೋಡಿದ್ದಳು. ನೋಡಿ, ಚೆಂದವೆಂದುಕೊಂಡು, ಕೊರತೆಯ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಬಿರುಕು ಕಣ್ತಪ್ಪಿ ಹೋಯಿತು ಎನ್ನಬಹುದಿತ್ತು. ಅವಳದು ಕಣ್ತಪ್ಪಲ್ಲ, ಕಣ್ಣಿಗೆ ತೃಪ್ತಿಯಾಗಿ ಆದ ತಪ್ಪು. ಏಣಿಯ ಕೈಯಲ್ಲಿ ಏನೂ ಆಗಿರಲಿಲ್ಲ. ಆದರೆ ಇದನ್ನು ಕಚೇರಿಯಲ್ಲಿ ಹೇಗೆ ಹೇಳುವುದು? ಗಂಡ, ಮಗಳ ಸಾಕ್ಷಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಅವಳ ಮಾತಿಗೇ ಇರಲಿಲ್ಲ. ಬೆಲೆಯಿದ್ದದ್ದು ರಿಜಿಸ್ಟರಿಗೆ. ಹಾಗಾದರೆ ರಿಜಿಸ್ಟರಿನ ಬಾಯಿಂದಲೇ ಹೇಳಿಸಬೇಕು ಎಂದುಕೊಂಡು ಅವಳು ಮತ್ತೆ ಚಾಕು ಕೈಗೆತ್ತಿಕೊಂಡಳು.

ಗುರುವಾರ ಹನ್ನೊಂದಕ್ಕೆ ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ಸಂಗ್ರಾಹಕರು ಗಿಡ್ಡ ಆಳು, ಕೋಪಕ್ಕೆ ಎತ್ತರ ಸಾಲದೆ ಕುರ್ಚಿಯ ತುದಿಗೆ ಬಂದು ಕುಳಿತಿದ್ದರು. ಆಡಳಿತ ಅಧಿಕಾರಿ ಗಡಿಯಾರ ನೋಡುತ್ತಿದ್ದರು. ಏಣಿಯ ಮುಂದೆ ಕಾಗದ, ಪೆನ್ನು ಇಟ್ಟಿದ್ದರು. ಅವನು ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಬಿರುಕಮ್ಮ ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಹೂಜಿ ತಂದು ಮೇಜಿನ ಮೇಲಿಟ್ಟಳು. ಗವಸು ಹಾಕಿಕೊಂಡಳು. ಟಾರ್ಚು ಹಚ್ಚಿದಳು. "ಬರೆಯೋ ಮುಂಚೆ ಐದು ನಿಮಿಷ ಕೊಡಿ," ಎಂದು, ಯಾರೂ ಹೂಂ ಅನ್ನುವ ಮೊದಲೇ ಶುರು ಮಾಡಿದಳು.

"ಬಾಯಿಯ ಅಂಚು, ಎಡಭಾಗ, ಸ್ವಲ್ಪ ತಗ್ಗು. ಹಸಿಮಣ್ಣಿದ್ದಾಗ ಒತ್ತಿದ್ದು. ಕುತ್ತಿಗೆ, ಮೆರುಗಿನಲ್ಲಿ ಗುಳ್ಳೆ, ಮೂರು. ಹೊಟ್ಟೆ, ಬಲಭಾಗ, ಮೆರುಗು ಇಳಿದು ಹನಿಯಾಗಿ ಗಟ್ಟಿಯಾದದ್ದು, ಎರಡು. ಅದರ ಹಿಂದೆ ಹೆಬ್ಬೆಟ್ಟಿನ ಗುರುತು, ಒಂದು, ಮೆರುಗಿನ ಅಡಿಗಿದೆ. ಪಕ್ಕದ ಪಾತ್ರೆ ತಗುಲಿ ಅಂಟಿ ಬಿಟ್ಟ ಗಾಯ, ಒಂದು. ತಳ ಓರೆ, ಕಡ್ಡಿ ತೂರುವಷ್ಟು. ಒಳಗೆ ಮೆರುಗು ತಾಗದ ಜಾಗ, ಕಾಸಗಲ. ಒಟ್ಟು ಹತ್ತು." ತಲೆಯೆತ್ತಿದಳು. "ಹನ್ನೊಂದನೇದು ಹಿಡಿಯ ಬುಡದ ಬಿರುಕು. ಅದನ್ನ ಏಣಿ ಮಾಡಿದ ಅಂತೀರಿ. ಉಳಿದ ಹತ್ತು? ಸುಡೋವಾಗ ಭಟ್ಟಿಯೊಳಗೂ ಏಣಿ ಇದ್ನಾ?"

ಅಧಿಕಾರಿ ಗಡಿಯಾರ ನೋಡುವುದನ್ನು ಬಿಟ್ಟರು.

"ಈ ಹತ್ತರಲ್ಲಿ ಒಂದಾದ್ರೂ ರಿಜಿಸ್ಟರಲ್ಲಿದೆಯಾ ನೋಡಿ," ಎಂದು ಅವಳು ಪುಟ ತೆರೆದು ಅವರತ್ತ ತಿರುಗಿಸಿದಳು. "ಖಾಲಿ ಕೋಣೇಲಿ ನಲವತ್ತನಾಲ್ಕು ಹುಳುಕು ಬರ್ದವಳು ನಾನು. ಮೂವತ್ತೊಂದು ವರ್ಷದಲ್ಲಿ ಹುಳುಕಿಲ್ಲದ ಒಂದು ಸಾಲು ಬರ್ದಿಲ್ಲ, ಇದೊಂದು ಬಿಟ್ಟು. ಇದು ದಾಖಲೆ ಅಲ್ಲ. ಹತ್ತನ್ನ ಬರೀದೆ ಬಿಟ್ಟವಳು ಹನ್ನೊಂದನೇದನ್ನೂ ಬಿಟ್ಟಿದ್ದಾಳೆ."

ಕೋಣೆಯಲ್ಲಿದ್ದ ಎಲ್ಲರೂ ಆ ಪುಟವನ್ನು ಮೊದಲ ಸಲ ಸರಿಯಾಗಿ ಓದಿದರು. ಅದರ ಕೆಳಗೆ ಅವರಲ್ಲಿ ಒಬ್ಬರ ರುಜು ಆಗಲೇ ಇತ್ತು.

"ಮತ್ತೆ ಯಾಕೆ ಹೀಗೆ ಬರ್ದಿರಿ?" ಎಂದು ಕೇಳಿದರು ನಿರ್ದೇಶಕರು, ಸಣ್ಣ ದನಿಯಲ್ಲಿ.

"ಚೆನ್ನಾಗಿತ್ತು ಸಾರ್."

ಸಂಗ್ರಾಹಕರು ಕುರ್ಚಿಯಿಂದ ಎದ್ದು ಬಂದು, "ಹೆಬ್ಬೆಟ್ಟು ಅಂದ್ರಲ್ಲ, ಎಲ್ಲಿ?" ಎಂದು ಕೈ ಚಾಚಿದರು. ಬಿರುಕಮ್ಮ ಭೂತಗನ್ನಡಿ ಕೊಟ್ಟಳು. ಅವರು ಬಾಗಿ ತುಂಬ ಹೊತ್ತು ನೋಡಿದರು. "ಇಪ್ಪತ್ತಾರು ವರ್ಷದಿಂದ ನನ್ನ ಕಪಾಟಲ್ಲಿದೆ ಇದು," ಎಂದರು. ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ಕುಳಿತರು. ತಮ್ಮ ನಾನೂರು ಹೂಜಿಗಳಲ್ಲಿ ಒಂದನ್ನೂ ಸರಿಯಾಗಿ ನೋಡಿರಲಿಲ್ಲವೆಂದು ಆ ಗಳಿಗೆಯಲ್ಲಿ ಅವರಿಗೆ ಹೊಳೆದಿರಬೇಕು. ದೂರನ್ನು ವಾಪಸು ತೆಗೆದುಕೊಂಡರು.

ಏಣಿಯ ಮುಂದಿದ್ದ ಕಾಗದವನ್ನು ಅಧಿಕಾರಿ ಎಳೆದುಕೊಂಡು ಬಿರುಕಮ್ಮನ ಮುಂದಿಟ್ಟರು. ಕಾಗದ ತಂದ ಮೇಲೆ ಯಾರಾದರೂ ಏನಾದರೂ ಬರೆದುಕೊಡಲೇಬೇಕು, ಅದು ಕಚೇರಿಗಳ ಧರ್ಮ. ಅವಳು ಬರೆದುಕೊಟ್ಟಳು.

ಒಂದು ಸಾಲು ತಪ್ಪಾದ ಮೇಲೆ ಮೂವತ್ತೊಂದು ವರ್ಷದ ರಿಜಿಸ್ಟರುಗಳ ಮೇಲೂ ಅನುಮಾನ ಬರುವುದು ನ್ಯಾಯವೇ. ಇನ್ನು ಮುಂದೆ ಬಂದ ವಸ್ತುಗಳಿಗೆ ಕ್ಯಾಮೆರಾದಲ್ಲಿ ಫೋಟೋ ಹಿಡಿಯುವುದೆಂದಾಯಿತು. ಕ್ಯಾಮೆರಾಕ್ಕೆ ಮಗಳಿಲ್ಲ, ಯಾರ ಮಾತೂ ನಾಟುವುದಿಲ್ಲ. ಬಿರುಕಮ್ಮನಿಗೆ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಶಿಕ್ಷೆಯೆಂದು ಅವಳನ್ನು ಎರಡನೇ ಹಜಾರದ ಮೂಲೆಗೆ ಹಾಕಿದರು. ಆದೇಶದಲ್ಲಿ, 'ಸದರಿ ನೌಕರರು ಇನ್ನು ಮುಂದೆ ಏನನ್ನೂ ಬರೆಯದೆ, ಪ್ರದರ್ಶಿತ ವಸ್ತುಗಳನ್ನು ನೋಡುತ್ತಾ ಕುಳಿತಿರತಕ್ಕದ್ದು' ಎಂದಿತ್ತು. ಕೆಳಗಿನ ಬಲ ಮೂಲೆಯ ಮೊಹರು ಓರೆಯಾಗಿತ್ತು. ಅವಳು ನೋಡಿದಳು, ಹೇಳಲಿಲ್ಲ.

ಕುರ್ಚಿಯನ್ನು ತಂದುಹಾಕಿದವನು ಏಣಿ. ಅದರ ಒಂದು ಕಾಲು ಗಿಡ್ಡವಿತ್ತು. ಕಾಗದ ಮಡಿಸಿ ಇಟ್ಟು, ಅಲ್ಲಾಡಿಸಿ ನೋಡಿದ. "ನಿಮ್ಮ ಹೆಸರು ಹೋಯ್ತಲ್ಲಮ್ಮ," ಎಂದ.

"ನಿನ್ನ ಕೈ ಉಳೀತಲ್ಲ. ಈಗ ಲೋಟ ಎತ್ತೋಕೆ ಭಯ ಇಲ್ವಾ?"

"ಇಲ್ಲ," ಎಂದು ಅವನು ಎರಡೂ ಕೈಯನ್ನು ಅವಳಿಗೆ ತೋರಿಸಿದ. ಅವಳಿಗೆ ಅಷ್ಟು ಸಾಕಾಗಿತ್ತು. ಹೆಸರು ಹೋದದ್ದಕ್ಕೆ ಅವಳು ಅತ್ತದ್ದುಂಟು, ಮನೆಯಲ್ಲಿ, ಎರಡು ದಿನ. ಮೂರನೆಯ ದಿನ ಸೀರೆಗೆ ಪಿನ್ನು ಹಾಕಿಕೊಂಡು ಕುರ್ಚಿಗೆ ಬಂದು ಕುಳಿತಳು.

ಮುಂದಿನ ಪ್ರದರ್ಶನ ಹಳೆಯ ಕೊಡೆಗಳದು. ಚಾವಣಿಯಿಂದ ಏಣಿ ಅರುವತ್ತು ಕೊಡೆಗಳನ್ನು ಬಿಚ್ಚಿ ನೇತುಹಾಕಿದ್ದ. ಬಿರುಕಮ್ಮ ಅವುಗಳ ಕೆಳಗೆ ಕುಳಿತು ಮೊದಲ ವಾರ ತೂತುಗಳನ್ನು ಎಣಿಸಿದಳು. ಎರಡನೇ ವಾರ ತೂತುಗಳಿಂದ ನೆಲಕ್ಕೆ ಬೀಳುತ್ತಿದ್ದ ಬೆಳಕಿನ ಚುಕ್ಕೆಗಳನ್ನು ನೋಡಿದಳು. ಮನೆಗೆ ಹೋಗಿ ಎರಡನ್ನೂ ಹೇಳಿದಳು.

ಒಂದು ಭಾನುವಾರ ಮಧ್ಯಾಹ್ನ ಮಗಳು ಆ ಹುಡುಗನನ್ನು ಕರೆದುಕೊಂಡು ಬಂದಳು, ಕೊಡೆ ನೋಡುವ ನೆಪದಲ್ಲಿ. ಮನೆಗೆ ಬರಲು ಅವನಿಗೆ ಧೈರ್ಯ ಸಾಲದೆ, ನಾಲ್ಕು ಜನ ಓಡಾಡುವ ಜಾಗವೇ ವಾಸಿ ಎಂದಿದ್ದನಂತೆ. ಹುಡುಗ ಕುರ್ಚಿಯ ಮುಂದೆ ಬಂದು ನಿಂತ. ಗಂಟಲು ಸರಿಮಾಡಿಕೊಂಡ. ಆಮೇಲೆ, ಯಾರೂ ಕೇಳದೆಯೇ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿದ. ಅದು ಮೇಷ್ಟ್ರು ಗುಟ್ಟಾಗಿ ಹೇಳಿಕೊಟ್ಟ ಪಾಠ. ಕೊಡೆ ನೋಡಲು ಬಂದಿದ್ದ ಒಂದಿಬ್ಬರು ಇದೂ ಪ್ರದರ್ಶನದ ಭಾಗವೆಂದು ತಿಳಿದು ನಿಂತು ನೋಡಿದರು.

ಮಗಳು ತುಟಿ ಕಚ್ಚಿಕೊಂಡು ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು.

ಬಿರುಕಮ್ಮ ಅವಸರ ಮಾಡಲಿಲ್ಲ. ಎಡದಿಂದ ಬಲಕ್ಕೆ ಒಂದು ಸಲ ನೋಡಿದಳು. ಮೇಲಿನಿಂದ ಕೆಳಕ್ಕೆ ಒಂದು ಸಲ. ಆಮೇಲೆ ಮಡಿಲಲ್ಲಿ ಕೈ ಕಟ್ಟಿ, ಸುಮ್ಮನೆ ನೋಡಿದಳು.

"ಎಡಗಿವಿ ಸ್ವಲ್ಪ ಕೆಳಗಿದೆ," ಎಂದಳು.

"ಹೌದು," ಎಂದ ಹುಡುಗ. "ಹುಟ್ಟಿದಾಗಿನಿಂದ."

"ಚೆನ್ನಾಗಿದೆ," ಎಂದಳು ಬಿರುಕಮ್ಮ.